ಎಂಟು ಗಂಟೆಯ ಅತ್ತೆ

ಟಾಲಿಗಂಜ್, ಕೊಲ್ಕತ್ತಾ
12 ಜೂನ್ 2007

ಪ್ರೀತಿಯ ಕಾಜೋರಿ,

ಫೋನು ಮಾಡಿದಾಗಲೆಲ್ಲ ನಿನ್ನ ಅತ್ತೆಯೇ ಎತ್ತುತ್ತಾರೆ. "ಹಿರಣ್ಮಯಿದೇವಿ, ನಿಮ್ಮ ದನಿ ಕೇಳಿದ್ರೆ ಮೈ ಜುಮ್ ಅನ್ನುತ್ತೆ" ಅನ್ನುತ್ತಾರೆ. ಹಿರಣ್ಮಯಿ ಟಿವಿ ಧಾರಾವಾಹಿಯಲ್ಲಿ ನಾನು ಹಾಕುವ ಪಾತ್ರ, ನನ್ನ ಹೆಸರು ಅಣಿಮಾ ಬಾಗ್ಚಿ ಎಂದು ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಹೋಗುವುದಿಲ್ಲ. ಫೋನು ಅವರ ಮಂಚದ ಪಕ್ಕದಲ್ಲೇ ಇರುವಾಗ ನಿನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡುವುದು ಹೇಗೆ? ಅದಕ್ಕೇ ಈ ಕಾಗದ. ತೀರಿಹೋದ ನಿನ್ನ ಅಮ್ಮನಿಗೂ ಹೀಗೇ ಬರೆಯುತ್ತಿದ್ದೆ. ತಂಗಿಯ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಅವಳು ಬೈಯುತ್ತಿದ್ದಳು.

ಮುಂದಿನ ವಾರ ಜಮಾಯಿ ಷಷ್ಠಿ. ಅಳಿಯನನ್ನು ಕರೆದು ಉಣ್ಣಿಸಲು ನಿನ್ನ ಅಮ್ಮ ಇಲ್ಲದಿದ್ದರೇನು, ಅವಳ ತಂಗಿ, ನಿನ್ನ ಮಾಶಿ ನಾನಿದ್ದೇನೆ. ನೀನು, ತ್ರಿದಿಬ್ ಇಬ್ಬರೂ ಬನ್ನಿ. ಇಲಿಶ್ ಮೀನು, ಮಾವಿನಹಣ್ಣು, ಅವನಿಗೊಂದು ಧೋತಿ, ಎಲ್ಲ ಆಗಲೇ ಹೇಳಿಟ್ಟಿದ್ದೇನೆ.

ಮೀನಿನ ಸಂತೆಯಲ್ಲಿ ನಿನ್ನೆ ಏನಾಯಿತು ಗೊತ್ತೇ? ಮೀನು ಮಾರುವವಳು ನನ್ನ ಮುಖ ನೋಡಿ ಚೀಲ ಕಿತ್ತುಕೊಂಡಳು. "ಸೊಸೇನ ಅಷ್ಟು ಗೋಳು ಹುಯ್ಕೊಳ್ತೀಯ, ನಿಂಗೆ ಮೀನು ಬೇರೆ ಕೇಡು" ಅಂದಳು. ಮದುವೆಯೇ ಆಗದ ನನಗೆ ಮಗನೂ ಇಲ್ಲ, ಸೊಸೆಯೂ ಇಲ್ಲ. ಆದರೂ ಬಂಗಾಳದಲ್ಲಿ ನನ್ನಷ್ಟು ಕೆಟ್ಟ ಅತ್ತೆ ಇನ್ನೊಬ್ಬಳಿಲ್ಲ.

ಅವಳಿಗೆ ನಮ್ಮ ಸೆಟ್ಟು ತೋರಿಸಬೇಕಿತ್ತು. ಅಡುಗೆಮನೆಯ ಒಲೆ, ಮಸಾಲೆ ಅರೆಯುವ ಕಲ್ಲು, ಅದರ ಗುಂಡು, ಎಲ್ಲವೂ ಥರ್ಮಾಕೋಲು, ಮೇಲೆ ಕಪ್ಪು ಬಣ್ಣ. ಮೊನ್ನೆ ಫ್ಯಾನು ಜೋರು ಮಾಡಿದಾಗ ಗುಂಡುಕಲ್ಲು ತಾನಾಗಿ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ನಿನ್ನ ಅತ್ತೆಗೆ ಹೇಳು, ಸ್ವಲ್ಪ ನಗಲಿ.

ನಿನ್ನ ಮಾಶಿ

*

ಕಾಂಚನ್‌ಘಾಟ್
27 ಜೂನ್ 2007

ಮಾಶಿಯ ಪಾದಗಳಿಗೆ ನಮಸ್ಕಾರ.

ಷಷ್ಠಿಗೆ ಇವರೊಬ್ಬರೇ ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನನಗೆ ಜ್ವರ ಎಂದು ಇವರು ಹೇಳಿರಬೇಕು. ಜ್ವರ ಅಲ್ಲ, ನದಿಯ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಮುಂದಿನ ಹಲ್ಲು ಅರ್ಧ ಮುರಿಯಿತು. ಆ ಮುಖ ಹೊತ್ತುಕೊಂಡು ಹಬ್ಬದ ಊಟಕ್ಕೆ ಬಂದರೆ ಚೆನ್ನಾಗಿರುವುದಿಲ್ಲ.

ಇನ್ನೊಂದು ಮಾತು. ಇಲಿಶ್‌ನ ಬಾಲದ ತುಂಡು ಬಡಿಸಿದೆಯಂತೆ. ಅಳಿಯನಿಗೆ ಹೊಟ್ಟೆಯ ತುಂಡು ಬಡಿಸಬೇಕಿತ್ತು ಮಾಶಿ. ಮನೆಗೆ ಬಂದ ಮೇಲೆ ಆ ಮಾತು ಬಂತು. ಮುಂದಿನ ವರ್ಷ ದಯವಿಟ್ಟು ನೆನಪಿಟ್ಟುಕೋ.

ಥರ್ಮಾಕೋಲಿನ ವಿಷಯ ಅತ್ತೆಗೆ ಹೇಳಲಿಲ್ಲ. ಧಾರಾವಾಹಿಯಲ್ಲಿ ಯಾವುದಾದರೂ ಸುಳ್ಳು ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಸಂಜೆ ಶಂಖ ಊದಿ, ದೀಪ ಹಚ್ಚಿ, ಎಂಟು ಗಂಟೆಗೆ ಸರಿಯಾಗಿ ಬಿಳಿ ಸೀರೆಯ ಸೆರಗು ತಲೆಗೆ ಹೊದ್ದು ಟಿವಿಯ ಮುಂದೆ ಕೂರುತ್ತಾರೆ. ನಾನು ಕೆಳಗೆ ಕೂತು ಅವರ ಕಾಲು ಒತ್ತಬೇಕು. "ಹಿರಣ್ಮಯೀನ ನೋಡಿ ಕಲ್ತ್ಕೋ. ಸೊಸೆ ತಲೆ ಎತ್ತಿದ್ಲಾ, ಅಲ್ಲೇ ಮೊಟಕಿ ಕೂರಿಸ್ತಾಳೆ. ನಮ್ಮತ್ತೆ ನಂಗೆ ಚಿಮಟದಲ್ಲಿ ಬಾರಿಸ್ತಿದ್ಲು, ನಿಮ್ಮ ಮಾವ ಕೈಗೆ ಸಿಕ್ಕಿದ್ರಲ್ಲಿ ಬಾರಿಸ್ತಿದ್ರು. ಆದ್ರೆ ಅವ್ರಿಗೆಲ್ಲ ಹೊಡೆಯೋದಷ್ಟೇ ಗೊತ್ತಿತ್ತು, ತಿದ್ದೋದು ಗೊತ್ತಿರ್ಲಿಲ್ಲ" ಅನ್ನುತ್ತಾರೆ.

ಅವರು ವಿಧವೆ. ಒಲೆ ಬೇರೆ, ಪಾತ್ರೆ ಬೇರೆ, ಅರೆಯುವ ಕಲ್ಲೂ ಬೇರೆ. ಮೀನಿಗೆ ಸಾಸಿವೆ ಅರೆಯುವ ನನ್ನ ಕಲ್ಲು ಅವರ ಸೀರೆಗೆ ತಾಗಿದರೂ ಮತ್ತೆ ಸ್ನಾನ ಮಾಡುತ್ತಾರೆ. ನಿನ್ನ ಕಾಗದ ಮಾತ್ರ ಒಡೆದು ನೋಡುವುದಿಲ್ಲ. ಹಣೆಗೆ ಒತ್ತಿಕೊಂಡು ನನ್ನ ಕೈಗೆ ಕೊಡುತ್ತಾರೆ.

ನಿನ್ನ ಕಾಜೋರಿ

*

ಟಾಲಿಗಂಜ್
10 ಜುಲೈ 2007

ಪ್ರೀತಿಯ ಕಾಜೋರಿ,

ಚಿಕ್ಕಂದಿನಲ್ಲೂ ನೀನು ಆಕಾಶ ನೋಡಿಕೊಂಡೇ ನಡೆಯುತ್ತಿದ್ದೆ. ಇನ್ನಾದರೂ ಕಾಲ ಕಡೆ ನೋಡು. ಹಲ್ಲಿಗೆ ಕ್ಯಾಪ್ ಹಾಕಿಸಿಕೋ.

ತ್ರಿದಿಬ್‌ಗೆ ಬಾಲದ ತುಂಡು ಹೋದದ್ದು ನನ್ನದೇ ತಪ್ಪು. ಕನ್ನಡಕ ಎಲ್ಲೋ ಇಟ್ಟಿದ್ದೆ. ಪಾಪ, ಅವನು ಒಂದು ಮಾತೂ ಆಡಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿದ, ಎಲೆ ಖಾಲಿ ಮಾಡಿದ, ನನ್ನ ಮಂಡಿನೋವಿಗೆ ತನ್ನ ಔಷಧಿ ಅಂಗಡಿಯಿಂದಲೇ ಮುಲಾಮು ಕಳಿಸುತ್ತೇನೆ ಎಂದ. ಹೆಂಡತಿಯ ಮಾತು ಬಂದಾಗ ತಲೆ ತಗ್ಗಿಸುವ ಗಂಡಸರು ಈಗ ಎಲ್ಲಿ ಸಿಗುತ್ತಾರೆ? ಅಕ್ಕ ಇದ್ದಿದ್ದರೆ ಹಿಗ್ಗುತ್ತಿದ್ದಳು.

ನಮ್ಮಲ್ಲಿ ಗುರುವಾರ ಬಂತೆಂದರೆ ಎಲ್ಲರಿಗೂ ಜ್ವರ. ಎಷ್ಟು ಮನೆಗಳಲ್ಲಿ ನಮ್ಮನ್ನು ನೋಡಿದರು ಎಂಬ ಅಂಕಿ ಅವತ್ತು ಬರುತ್ತದೆ. ಹೋದ ತಿಂಗಳು ಅದು ಕೆಳಗೆ ಬಿತ್ತು. ನಿರ್ದೇಶಕ ನನ್ನ ಪಕ್ಕ ಕೂತು, "ದಿದಿ, ಸೊಸೆ ಅತ್ರೆ ಅಂಕಿ ಏಳಲ್ಲ. ಸೊಸೆ ಕೈ ಸುಟ್ರೆ ಏಳುತ್ತೆ" ಅಂದ. ಹಾಗಾಗಿ ಕಾದ ಸೌಟನ್ನು ನನ್ನ ಸೊಸೆ ಶೇಫಾಲಿಯ ಅಂಗೈ ಮೇಲೆ ಒತ್ತಿದೆ. ಸೌಟು ತಣ್ಣಗಿತ್ತು, ಹೊಗೆಗೆ ಧೂಪ ಹಾಕಿದ್ದರು. ಆ ಹುಡುಗಿ ಚೀರಿ ಮುಗಿಸಿ, ಅದೇ ಕೈಯಲ್ಲಿ ಮಂಡಕ್ಕಿ ತಿಂದಳು.

ಅಂಕಿ ಏರಿದೆ. ಎಲ್ಲರಿಗೂ ಸಂದೇಶ್ ಮಿಠಾಯಿ ಹಂಚಿದರು. ಈ ವಯಸ್ಸಿನಲ್ಲಿ ಕೆಲಸ ಉಳಿಯಿತಲ್ಲ ಎಂದು ನಾನೂ ಒಂದು ತಿಂದೆ.

ನಿನ್ನ ಮಾಶಿ

*

ಕಾಂಚನ್‌ಘಾಟ್
3 ಆಗಸ್ಟ್ 2007

ಮಾಶಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓದಲು ಕಷ್ಟವಾದರೆ ಬೈಯಬೇಡ. ಬಲಗೈಗೆ ಬಿಸಿ ಎಣ್ಣೆ ಸಿಡಿಯಿತು. ವಾಸಿಯಾಗುತ್ತಿದೆ.

ಸೌಟಿನ ಕಂತನ್ನು ಇಲ್ಲಿ ಎಲ್ಲರೂ ನೋಡಿದರು. ಇವರೂ ಅಂಗಡಿ ಬೇಗ ಮುಚ್ಚಿ ಬಂದು ಕೂತಿದ್ದರು.

ಒಂದು ಉಪಕಾರ ಮಾಡು. ಶೇಫಾಲಿಗೆ ಮುಂದೆ ಏನಾಗುತ್ತದೆ ಎಂದು ನಿನಗೆ ಮೊದಲೇ ಗೊತ್ತಿರುತ್ತದಲ್ಲ. ಟಿವಿಯಲ್ಲಿ ಬರುವ ಮೊದಲು ನನಗೆ ಬರೆ. ಮರೆಯಬೇಡ.

ಕಾಜೋರಿ

*

ಟಾಲಿಗಂಜ್
14 ಆಗಸ್ಟ್ 2007

ಪ್ರೀತಿಯ ಕಾಜೋರಿ,

ನಿನಗೂ ಈ ಹುಚ್ಚು ಹಿಡಿಯಿತೇ? ಓದಿದ ಹುಡುಗಿ, ನಮ್ಮ ಧಾರಾವಾಹಿ ನೋಡಿ ಮೂಗು ಮುರಿಯುತ್ತಿದ್ದೆ. ಇರಲಿ, ಕೇಳು. ಮುಂದಿನ ವಾರ ಶೇಫಾಲಿಯನ್ನು ಕಲ್ಲಿದ್ದಲು ಕೋಣೆಗೆ ಹಾಕಿ ಅನ್ನ ನೀರು ಕೊಡದೆ ಬೀಗ ಹಾಕುತ್ತೇನೆ. ಅದಾದ ಮೇಲೆ ನನ್ನ ಮಗ ಅಭಿರೂಪ ಬೆಲ್ಟು ಬಿಚ್ಚುತ್ತಾನೆ. ನಾನು ಬಾಗಿಲಲ್ಲಿ ನಿಂತು, "ಅನ್ನ ಬಟ್ಟೆ ಕೊಡೋನು ಅವನು, ಕೈ ಎತ್ತೋ ಹಕ್ಕೂ ಅವನದೇ" ಎನ್ನಬೇಕು. ಬರೆದವನು ಮೂವತ್ತು ದಾಟದ ಹುಡುಗ. ಇನ್ನೂ ಅವನ ಬಟ್ಟೆಯನ್ನು ಅವನ ತಾಯಿಯೇ ಒಗೆಯುತ್ತಾಳೆ. ಯಾರಿಗೂ ಹೇಳಬೇಡ.

ಇಷ್ಟು ಬರೆದು ಮಡಚಿ, ನಿನ್ನ ಕೈ ಹೇಗಿದೆ ಎಂದು ಕೇಳೋಣ ಅಂತ ಫೋನು ಮಾಡಿದೆ. ನಿನ್ನ ಅತ್ತೆ ಎತ್ತಿದರು. ಬಹಳ ಹೊತ್ತು ನನ್ನನ್ನು ಹೊಗಳಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಹಿರಣ್ಮಯಿದೇವಿ, ನಿಮ್ಮನೇಲಿ ಸೌಟು ಅಷ್ಟು ಬೇಗ ಹೇಗೆ ಕಾಯುತ್ತೆ? ನಮ್ಮಲ್ಲಿ ಕಾಯೋ ಹೊತ್ತಿಗೆ ಅವಳು ಅತ್ತು ರಂಪ ಮಾಡಿಬಿಟ್ಲು. ತ್ರಿದಿಬ್ ಹಿಡ್ಕೋಬೇಕಾಯ್ತು."

ಫೋನು ಇಟ್ಟು, ಮಡಚಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕಾಜೋರಿ, ಎಣ್ಣೆ ಸಿಡಿಯಿತು ಎಂದೆಯಲ್ಲ. ಮೆಟ್ಟಿಲಲ್ಲಿ ಜಾರಿದೆ ಎಂದೆಯಲ್ಲ. ನನ್ನ ಮೇಲಾಣೆ, ನಿಜ ಬರೆ.

ಮಾಶಿ

*

ಕಾಂಚನ್‌ಘಾಟ್
2 ಸೆಪ್ಟೆಂಬರ್ 2007

ಮಾಶಿ,

ನಿನ್ನ ಕಾಗದ ಕೈಸೇರಿದಾಗ ಕಲ್ಲಿದ್ದಲು ಕೋಣೆಯ ಕಂತು ಆಗಲೇ ಆಗಿಹೋಗಿತ್ತು. ನಮ್ಮಲ್ಲಿ ಕಲ್ಲಿದ್ದಲು ಇಲ್ಲ, ಗ್ಯಾಸು. ಅತ್ತೆ ಎರಡು ದಿನ ಯೋಚನೆ ಮಾಡಿ ಕೊನೆಗೆ ತಾರಸಿಯ ನೀರಿನ ತೊಟ್ಟಿಯ ಪಕ್ಕದ ಗೂಡು ಆರಿಸಿದರು. ಬಾಯಾರಿದಾಗ ತೊಟ್ಟಿಯಲ್ಲಿ ನೀರು ಸದ್ದು ಮಾಡುವುದು ಕೇಳುತ್ತಿತ್ತು.

ನಿಜ ಬೇಕೆಂದೆ, ತಗೋ. ಹಲ್ಲು ಮುರಿದದ್ದು ಷಷ್ಠಿಯ ಹಿಂದಿನ ದಿನ, ಅಂಗಿಗೆ ಇಸ್ತ್ರಿ ಸರಿಯಾಗಲಿಲ್ಲ ಎಂದು. ನಿನ್ನ ಬಾಲದ ತುಂಡಿಗೆ ನನ್ನ ಕೂದಲು ಹಿಡಿದು ಅಂಗಳದವರೆಗೆ ಎಳೆದರು, ಒಂದು ಹಿಡಿ ಕಿತ್ತು ಬಂತು. ಅಂಗೈ ಸುಡುವಾಗ ಇವರು ನನ್ನ ಮಣಿಕಟ್ಟನ್ನು ಮಂಡಿಯ ಕೆಳಗೆ ಒತ್ತಿ ಹಿಡಿದಿದ್ದರು. ಚರ್ಮದ ವಾಸನೆಗೆ ಅತ್ತೆಗೇ ವಾಂತಿ ಬಂತು, ಆದರೂ ಸೌಟು ಎತ್ತಲಿಲ್ಲ. ಬೆಲ್ಟಿನ ಬಕಲ್ಲು ಎಡಗಿವಿಗೆ ಬಿತ್ತು. ಆ ಕಿವಿಯಲ್ಲಿ ಈಗ ಏನೂ ಕೇಳುವುದಿಲ್ಲ. ನಿಮ್ಮ ಧಾರಾವಾಹಿಯ ಗುಡುಗು ಕೂಡ ನನಗೆ ಅರ್ಧವೇ.

ಇವರು ಮೊದಲಿನಿಂದಲೂ ಹೊಡೆಯುತ್ತಿದ್ದರು. ಅತ್ತೆ ಮೊದಲು ಸುಮ್ಮನೆ ತಿರುಗಿ ಕೂರುತ್ತಿದ್ದರು. ಈಗ ಜೊತೆಗೆ ಸೇರುತ್ತಾರೆ, ಯಾಕೆಂದರೆ ನೀನು ಸೇರುತ್ತೀಯ.

ಅಣ್ಣನಿಗೆ ಬರೆದಿದ್ದೆ. ಮನೆತನದ ಮಾನ ನೋಡಿಕೊಂಡು ಇರು ಎಂದು ಬರೆದ. ಬಿಟ್ಟು ಹೋದರೆ ಮುಖಕ್ಕೆ ಆ್ಯಸಿಡ್ ಎಂದು ಇವರು ಹೇಳಿದ್ದಾರೆ. ಮಾಡದೆ ಬಿಡುವವರಲ್ಲ. ಅತ್ತೆ ದೇವರ ಮಾತೂ ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾರೆ. ನಿನ್ನ ಹಿರಣ್ಮಯಿಯ ಬಾಯಲ್ಲಿ ಒಂದೇ ಒಂದು ಸಲ "ಸಾಕು" ಎನ್ನಿಸು. ನನಗೆ ಬದುಕಬೇಕು ಮಾಶಿ.

ಕಾಜೋರಿ

*

ಟಾಲಿಗಂಜ್
20 ಸೆಪ್ಟೆಂಬರ್ 2007

ನನ್ನ ಕಂದಾ,

ಹೋದ ವಾರ ಪೊಲೀಸರನ್ನು ಕರೆದುಕೊಂಡು ನಿಮ್ಮ ಬಾಗಿಲಿಗೆ ಬಂದದ್ದು ನಿನಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ತಿಳಿಯುತ್ತಿಲ್ಲ. ಠಾಣೆಯಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಸಾಹೇಬರು ನನ್ನನ್ನು ನೋಡಿ ನಕ್ಕರು. "ಸೊಸೆ ಕೈ ಸುಡೋರೂ ನೀವೇ, ದೂರು ಕೊಡೋರೂ ನೀವೇನಾ? ನಮ್ಮಮ್ಮ ನಿಮ್ಮನ್ನ ಕಂಡ್ರೆ ಟಿವಿಗೆ ಚಪ್ಪಲಿ ಎಸೀತಾರೆ" ಅಂದರು. ಆಮೇಲೆ ಹೆಂಡತಿಗೆಂದು ನನ್ನ ಸಹಿ ತೆಗೆದುಕೊಂಡರು. ನಿಮ್ಮ ಮನೆಯಲ್ಲಿ ತ್ರಿದಿಬ್ ನಿನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ, ನೀನು ನೆಲ ನೋಡುತ್ತಾ "ಎಣ್ಣೆ ಸಿಡೀತು" ಅಂದೆ. ಆ ಕೈ ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂದು ನನಗೆ ಕಾಣುತ್ತಿತ್ತು. ಸಾಹೇಬರಿಗೆ ಕಾಣಲಿಲ್ಲ. ನಾವು ಹೊರಟ ಮೇಲೆ ಆ ಕೈ ಏನು ಮಾಡಿತು ಎಂದು ಕೇಳುವ ಧೈರ್ಯ ನನಗಿಲ್ಲ.

ಬರೆಯುವ ಹುಡುಗನ ಕಾಲಿಗೆ ಬಿದ್ದೆ. ಕಥೆ ತಿರುಗಿಸು ಎಂದೆ. "ದಿದಿ, ಅತ್ತೆ ಒಳ್ಳೆಯವಳಾದ್ರೆ ನಾವೆಲ್ಲ ಮನೆಗೆ ಹೋಗ್ಬೇಕು" ಎಂದ.

ಸರಿ, ಮನೆಗೇ ಹೋಗುತ್ತೇನೆ ಎಂದುಕೊಂಡೆ. ಶೇಫಾಲಿ ಮಾಡುವ ಹುಡುಗಿಗೆ ಕಾಮಾಲೆ ಆಗಿ ಚಿತ್ರೀಕರಣ ನಿಂತಿತ್ತು. ಮೊದಲೇ ತೆಗೆದಿಟ್ಟ ಒಂದು ಕಂತೂ ಕೈಯಲ್ಲಿ ಉಳಿದಿಲ್ಲ. ಬೆಳಿಗ್ಗೆ ತೆಗೆದದ್ದು ಸಂಜೆಯೇ ಹೋಗಬೇಕು, ಮತ್ತೆ ತೆಗೆಯಲು ಸಮಯವಿಲ್ಲ. ಇವತ್ತು ಮತ್ತೆ ಬೆಲ್ಟಿನ ದೃಶ್ಯ. ನಾನು ಕೈ ಕಟ್ಟಿ ನಿಂತು, "ಬಾಗಿಲು ಹಾಕ್ಕೋ, ಅಕ್ಕಪಕ್ಕದವರಿಗೆ ಕೇಳುತ್ತೆ" ಎನ್ನಬೇಕಿತ್ತು. ಅನ್ನಲಿಲ್ಲ. ಅಡುಗೆಮನೆಯ ಗುಂಡುಕಲ್ಲು ಎತ್ತಿಕೊಂಡು ಬಂದೆ. "ಈ ಕೈ ನಾನು ಹೆತ್ತದ್ದು, ಮುರಿಯೋ ಹಕ್ಕೂ ನನ್ನದೇ" ಎಂದು ಕೂಗಿ ಮಗನ ತಲೆಗೆ ಅಪ್ಪಳಿಸಿದೆ. ಅಭಿರೂಪ ಮಾಡುವ ಹುಡುಗ ಬುದ್ಧಿವಂತ. ಮಾತು ಬದಲಾಗಿದೆ, ತನಗೆ ಯಾರೂ ಹೇಳಿಲ್ಲ ಎಂದುಕೊಂಡು ಕಣ್ಣು ಮೇಲೆ ಮಾಡಿ ಬಿದ್ದ. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ಆದರೂ ಅದನ್ನೇ ಕಳಿಸಬೇಕಾಯಿತು. ಕೈಯಲ್ಲಿದ್ದದ್ದು ನಿಜವಾದ ಕಲ್ಲಾಗಿದ್ದರೆ, ಎದುರಿಗಿದ್ದವನು ತ್ರಿದಿಬ್ ಆಗಿದ್ದರೆ ಎಂದೇ ಬೀಸಿದೆ.

ಈ ಕಾಗದ ಬರುವಷ್ಟರಲ್ಲಿ ನೀವು ಅದನ್ನು ನೋಡಿರುತ್ತೀರಿ. ನಿನ್ನ ಅತ್ತೆಯ ಮುಖ ಹೇಗಿತ್ತು, ಅದೊಂದು ಬರೆ.

ಮಾಶಿ

*

ಕಾಂಚನ್‌ಘಾಟ್
28 ಸೆಪ್ಟೆಂಬರ್ 2007

ಮಾಶಿ,

ನೋಡಿದೆವು. ಅತ್ತೆ ತಮ್ಮ ಕಾಲನ್ನು ನನ್ನ ಕೈಯಿಂದ ಬಿಡಿಸಿಕೊಂಡು ಎದ್ದು ನಿಂತರು. ಇವರು "ಮುದುಕಿಗೆ ತಲೆ ಕೆಟ್ಟಿದೆ" ಎಂದು ಟಿವಿ ಆರಿಸಲು ಹೋದರು. ಅತ್ತೆ ಇವರಿಗೆ "ಕೂತ್ಕೋ" ಅಂದರು. ಮಗನಿಗೆ ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ.

ಮರುದಿನದ ಕಂತಿನಲ್ಲಿ ಅಭಿರೂಪ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದು ನಿನ್ನ ಕಾಲಿಗೆ ಬಿದ್ದ. "ಅಮ್ಮಾ, ನನ್ನ ಕಣ್ಣು ತೆರೆಸಿದೆ" ಅಂದ. ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಅವತ್ತಿನಿಂದ ಅವರು ನನ್ನ ಮೈ ಮುಟ್ಟಿಲ್ಲ. ಇವರ ಕೈ ಮಾತ್ರ ನಿಂತಿಲ್ಲ, ಪೊಲೀಸರನ್ನು ಕರೆಸಿದೆ ಎಂಬ ಸಿಟ್ಟು ಇನ್ನೂ ತೀರಿಲ್ಲ. ಮೊನ್ನೆ ಗೋಡೆಗೆ ನನ್ನ ಹಣೆ ಗುದ್ದಿಸುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಇವರ ಕೈಯನ್ನೇ ನೋಡುತ್ತಿದ್ದರು. ಮಾರನೆಯ ದಿನ ನನ್ನ ಹಣೆಗೆ ಅರಿಶಿನ ಹಚ್ಚುತ್ತಾ, "ನಿಂಗೆ ನೋವಾಗುತ್ತಾ?" ಎಂದು ಕೇಳಿದರು.

ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. "ಆಗುತ್ತೆ ಅಮ್ಮ" ಎಂದೆ.

ಕಾಜೋರಿ

*

ಟಾಲಿಗಂಜ್
4 ಅಕ್ಟೋಬರ್ 2007

ಕಂದಾ,

ನಿನ್ನ ಕಾಗದವನ್ನು ಎದೆಗೆ ಒತ್ತಿಕೊಂಡು ಮನೆ ತುಂಬಾ ಓಡಾಡಿದೆ. ನನ್ನ ಮಂಡಿನೋವು ಎಲ್ಲಿ ಹೋಯಿತೋ.

ನನ್ನನ್ನು ತೆಗೆದುಹಾಕಿದ್ದಾರೆ. ಅಂಕಿ ಚೆನ್ನಾಗಿಯೇ ಬಂತು, ಆದರೆ ತಾಯಿ ಮಗನಿಗೆ ಹೊಡೆದದ್ದು ಸಂಸ್ಕೃತಿ ಅಲ್ಲ ಎಂದು ಗಂಡಸರ ಕಾಗದಗಳು ಮೂಟೆಗಟ್ಟಲೆ ಬಂದವಂತೆ. ಸೊಸೆಯ ಕೈ ಸುಟ್ಟಾಗ ಒಂದೂ ಬಂದಿರಲಿಲ್ಲ. ನಾಳೆಯ ಕಂತಿನಲ್ಲಿ ಹಿರಣ್ಮಯಿ ಕಾಶಿಗೆ ರೈಲು ಹತ್ತಿ ಹೋದಳು ಎಂದು ಯಾರೋ ಹೇಳುತ್ತಾರೆ, ಅಷ್ಟೇ. ನನ್ನ ಮುಖ ಕೂಡ ತೋರಿಸುವುದಿಲ್ಲ. ಹೋಗಲಿ ಬಿಡು, ಇನ್ನು ಮೀನಿನವಳು ನನಗೆ ಒಳ್ಳೆಯ ಇಲಿಶ್ ಕೊಡುತ್ತಾಳೆ.

ಮಹಾಲಯದ ದಿನ ಟ್ಯಾಕ್ಸಿ ಮಾಡಿಕೊಂಡು ಬರುತ್ತೇನೆ. ದುರ್ಗಾಪೂಜೆಗೆ ಕರೆದೊಯ್ಯುತ್ತೇನೆ ಎಂದು ನಿನ್ನ ಅತ್ತೆಯನ್ನೇ ಕೇಳುತ್ತೇನೆ. ನನಗೆ ಅವರು ಇಲ್ಲ ಎನ್ನುವುದಿಲ್ಲ. ಒಮ್ಮೆ ನನ್ನ ಮನೆಯೊಳಗೆ ಬಂದೆಯಾದರೆ ಮತ್ತೆ ಕಳಿಸಲು ನನಗೆ ಹುಚ್ಚೇ? ಎರಡು ಸೀರೆ ಮಡಚಿ ಇಟ್ಟುಕೋ. ಇನ್ನು ಕೆಲವೇ ದಿನ ತಡೆದುಕೋ.

ನಿನ್ನ ಮಾಶಿ

*

ಕಾಂಚನ್‌ಘಾಟ್
6 ಅಕ್ಟೋಬರ್ 2007

ಶ್ರೀಮತಿ ಹಿರಣ್ಮಯಿದೇವಿಯವರಿಗೆ ಕ್ಷಣಪ್ರಭಾ ಸಾನ್ಯಾಲ್ ಮಾಡುವ ನಮಸ್ಕಾರಗಳು.

ತಮಗೆ ಇದು ನನ್ನ ಮೊದಲ ಕಾಗದ. ತಪ್ಪಿದ್ದರೆ ಕ್ಷಮಿಸಬೇಕು. ಬರೆಯಬೇಡಿ ಎಂದು ಸೊಸೆ ಹೇಳಿದಳು. ಆದರೆ ಈ ವಿಷಯ ಕೇಳಲು ನನಗೆ ತಮ್ಮನ್ನು ಬಿಟ್ಟರೆ ಯಾರೂ ಇಲ್ಲ.

ನಿನ್ನೆ ಸಂಜೆ ತ್ರಿದಿಬ್ ಅಂಗಡಿಯಿಂದ ಬಂದ. ಸೊಸೆಯ ಪೆಟ್ಟಿಗೆಯಲ್ಲಿ ತಮ್ಮ ಕಾಗದಗಳು ಸಿಕ್ಕವು. ಓದಿದ. ಅಡುಗೆಮನೆಗೆ ಹೋಗಿ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಅವಳ ಕಾಲು ನೆಲ ಬಿಟ್ಟಿತ್ತು. ಮುಖ ನೀಲಿಯಾಗುತ್ತಿತ್ತು. "ಬಿಡೋ" ಎಂದೆ. ಬಿಡಲಿಲ್ಲ. ತಾವು ಏನು ಮಾಡಿದಿರಿ ಎಂದು ನೆನಪಾಯಿತು. ಕೈಗೆ ಹತ್ತಿರವಿದ್ದದ್ದು ಮೀನಿನ ಸಾಸಿವೆ ಅರೆಯುವ ಗುಂಡುಕಲ್ಲು. ವಿಧವೆಯಾದವಳು ನಾನು ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದೆ. ತಾವು ಹೇಳಿದ ಮಾತನ್ನೇ ಹೇಳಲು ಹೋದೆ, ಈ ಕೈ ನಾನು ಹೆತ್ತದ್ದು ಎಂದು. ಮಾತು ಪೂರ್ತಿ ಬರಲಿಲ್ಲ, ಕಲ್ಲು ಮೊದಲೇ ಬಿತ್ತು. ಟಿವಿಯ ಹಾಗೆ ಗುಡುಗು ಬರಲಿಲ್ಲ. ತೆಂಗಿನಕಾಯಿ ಒಡೆದ ಸದ್ದು ಬಂತು.

ಅವನು ಬಿದ್ದ. ಸೊಸೆ ಕೆಮ್ಮುತ್ತಾ ಬದುಕಿಕೊಂಡಳು. ಅವಳನ್ನು ಕೂರಿಸಿ ನೀರು ಕುಡಿಸಿದೆ. ಅವನ ತಲೆಗೆ ತಮ್ಮ ಮಗನಿಗೆ ಕಟ್ಟಿದ ಹಾಗೆಯೇ ಪಟ್ಟಿ ಕಟ್ಟಿದೆ. ಎರಡು ಸೀರೆ ನೆನೆದರೂ ರಕ್ತ ನಿಲ್ಲಲಿಲ್ಲ, ಆಮೇಲೆ ತಾನಾಗಿ ನಿಂತಿತು. ಎಂಟು ಗಂಟೆಗೆ ಟಿವಿ ಹಾಕಿದೆ, ಮುಂದೇನು ಮಾಡಬೇಕೆಂದು ತಿಳಿಯಲಿ ಎಂದು. ತಾವು ಬರಲಿಲ್ಲ. ಕಾಶಿಗೆ ಹೋದಿರಿ ಎಂದರು. ಇಂಥ ಹೊತ್ತಿನಲ್ಲಿ ನನ್ನನ್ನು ಬಿಟ್ಟು ಹೋಗಬಾರದಿತ್ತು.

ಇವತ್ತು ಬೆಳಗಾಯಿತು, ಮಧ್ಯಾಹ್ನವೂ ಆಯಿತು. ಅವನ ಬಾಯಿಗೆ ಹಾಕಿದ ನೀರು ಪಕ್ಕದಿಂದ ಸುರಿದುಹೋಗುತ್ತದೆ. ನೊಣ ಬರುತ್ತಿವೆ. ಸೊಸೆ ಅವನಿಂದ ದೂರ, ಬಾಗಿಲ ಹತ್ತಿರ ಕೂತಿದ್ದಾಳೆ. ಒಂದು ಗಂಟೆಯಿಂದ ತನ್ನ ಕೈಯ ಮುತ್ತೈದೆತನದ ಶಂಖದ ಬಳೆಯನ್ನೇ ನೋಡುತ್ತಿದ್ದಾಳೆ. ಒಡೆಯಬೇಕೋ, ಇನ್ನೂ ಕಾಯಬೇಕೋ ನನಗೆ ತಿಳಿಯುತ್ತಿಲ್ಲ. ತಮ್ಮ ಮಗ ಮರುದಿನವೇ ಎದ್ದು ಬಂದು ಕಾಲಿಗೆ ಬಿದ್ದ.

ಅವನನ್ನು ಹೇಗೆ ಎಬ್ಬಿಸಿದಿರಿ? ಆ ಭಾಗವನ್ನು ಟಿವಿಯಲ್ಲಿ ತೋರಿಸಲಿಲ್ಲ.